ಕೌಂಟರಿನ ಪಕ್ಕ ಕೂರದೆ ಸಾಫ್ಟ್‌ವೇರ್ ಬರೆಯಬೇಡಿ

ಮಾನ್ಯ ಸಂಪಾದಕರೇ,

ಹೊಸ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟ ಸುದ್ದಿ ಬಂದಾಗಲೆಲ್ಲ ‘ತಾಂತ್ರಿಕ ದೋಷ’ ಎಂಬ ಕಾರಣ ಓದುತ್ತೇವೆ. ನಾನು ಸಿಸ್ಟಂ ಅನಲಿಸ್ಟ್. ಅದಕ್ಕೂ ಮೊದಲು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತನಾಗಿದ್ದವನು. ನಾನು ಕಂಡಂತೆ ಬಹಳ ಸಲ ಯಂತ್ರ ಕೆಟ್ಟಿರುವುದಿಲ್ಲ. ಕೋಡ್ ಕೂಡ ಬರೆಯಲು ಹೇಳಿದ ಹಾಗೆಯೇ ಇರುತ್ತದೆ. ಬರೆಯಲು ಹೇಳಿದ್ದೇ ತಪ್ಪಾಗಿರುತ್ತದೆ. ಯಾಕೆಂದರೆ ಕೆಲಸ ನಿಜವಾಗಿ ಹೇಗೆ ನಡೆಯುತ್ತಿದೆ ಎಂದು ಮೊದಲು ಯಾರೂ ಕೂತು ನೋಡಿರುವುದಿಲ್ಲ.

ಹೀಗೆ ನೋಡುವ ಹಂತಕ್ಕೆ ನಾವು ಅನಾಲಿಸಿಸ್ ಎನ್ನುತ್ತೇವೆ. ಹೊಸ ವ್ಯವಸ್ಥೆ ಬೇಕು ಅಂತ ತೀರ್ಮಾನವಾದ ಮೇಲೆ, ಡಿಸೈನ್ ಶುರುವಾಗುವ ಮೊದಲು ಬರುವ ಹಂತ ಇದು. ಯಾವ ಮಾಹಿತಿ ಎಲ್ಲಿಂದ ಬರುತ್ತದೆ, ಯಾರ ಕೈಗೆ ಹೋಗುತ್ತದೆ, ಎಲ್ಲಿ ತಡವಾಗುತ್ತದೆ, ಹೊಸದು ಏನೇನು ಮಾಡಬೇಕು, ಇವನ್ನು ಹುಡುಕಿ ಬರೆದಿಡಬೇಕು. ಅದಕ್ಕೆ ಜನರನ್ನು ಮಾತಾಡಿಸುತ್ತೇವೆ, ಪ್ರಶ್ನಾವಳಿ ಹಂಚುತ್ತೇವೆ, ಹಳೆಯ ರಿಜಿಸ್ಟರು, ಫಾರಂಗಳನ್ನು ಓದುತ್ತೇವೆ, ಕೆಲಸ ನಡೆಯುವಾಗ ಪಕ್ಕದಲ್ಲಿ ಕೂತು ನೋಡುತ್ತೇವೆ. ಈ ಕೊನೆಯದಕ್ಕೆ ಸಮಯ ಜಾಸ್ತಿ ಬೇಕು. ಹಾಗಾಗಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಒಂದು ಕಾರ್ಖಾನೆಯವರು ನನ್ನನ್ನು ಕರೆಸಿದ್ದರು. ಸ್ಟೋರ್ಸ್‌ಗೆ ಹೊಸ ಸಾಫ್ಟ್‌ವೇರ್ ಬಂದು ಕೆಲವು ತಿಂಗಳಾಗಿತ್ತು. ಕಂಪ್ಯೂಟರ್ ತೋರಿಸುವ ಸ್ಟಾಕಿಗೂ ಕಪಾಟಿನಲ್ಲಿರುವ ಸ್ಟಾಕಿಗೂ ತಾಳೆಯೇ ಆಗುತ್ತಿರಲಿಲ್ಲ. ಮೊದಲಿನ ತಂಡ ಮಾಡಿದ ಅನಾಲಿಸಿಸ್ ದಾಖಲೆ ಕೊಟ್ಟರು. ಬಹಳ ಅಚ್ಚುಕಟ್ಟಾಗಿತ್ತು. ಇಂಡೆಂಟ್, ಅಂದರೆ ಸಾಮಾನು ಬೇಕೆಂಬ ಬೇಡಿಕೆ ಪತ್ರ ಬರುತ್ತದೆ, ಮೇಲಿನವರ ಸಹಿಯಾಗುತ್ತದೆ, ಸಾಮಾನು ಕೊಡುತ್ತಾರೆ, ಆ ಸಾಮಾನಿನ ದಾಸ್ತಾನು ಬರೆದಿಡುವ ಬಿನ್ ಕಾರ್ಡಿನಲ್ಲಿ ಕಳೆಯುತ್ತಾರೆ. ಇದಿಷ್ಟನ್ನೂ ಮ್ಯಾನೇಜರ ಕೊಠಡಿಯಲ್ಲಿ ಕೂತು ಬರೆದುಕೊಂಡಿದ್ದರು. ನಾನು ರಾತ್ರಿ ಪಾಳಿಯಲ್ಲಿ ಕೌಂಟರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ.

ನಡುರಾತ್ರಿ ಒಬ್ಬ ಫಿಟ್ಟರ್ ಓಡಿ ಬಂದ. ಪಂಪ್ ನಿಂತಿದೆ, ಬೇರಿಂಗ್ ಬೇಕು. ಸಹಿ ಮಾಡಬೇಕಾದವರು ಆ ಹೊತ್ತಿನಲ್ಲಿ ಇಲ್ಲ. ಗುಮಾಸ್ತರು ಒಂದು ತುಂಡು ಕಾಗದದ ಮೇಲೆ ಅವನಿಂದಲೇ ಬರೆಸಿಕೊಂಡು ಸಾಮಾನು ಕೊಟ್ಟರು, ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚಿದರು. ಬೆಳಗ್ಗೆ ಸಹಿಯಾದ ಇಂಡೆಂಟ್ ಬಂದ ಮೇಲೆ ಆ ಚೀಟಿ ಹರಿದು ಹಾಕುತ್ತಾರಂತೆ. ಇನ್ನೊಂದು ಗಮನಿಸಿದೆ. ಫಿಟ್ಟರ್ ಒಯ್ದದ್ದು ಒಂದು ಬೇರಿಂಗ್ ಅಲ್ಲ, ಮೂರು ಅಳತೆಯ ಮೂರು. ಹಳೆಯದರ ಮೇಲಿನ ನಂಬರ್ ಸವೆದು ಹೋಗಿತ್ತು, ಯಾವುದು ಕೂರುತ್ತದೆ ಎಂದು ಬಿಚ್ಚಿ ನೋಡಿದಾಗಲೇ ಗೊತ್ತಾಗುವುದು. ಸ್ವಲ್ಪ ಹೊತ್ತಿಗೆ ಉಳಿದ ಎರಡನ್ನು ತಂದು ವಾಪಸ್ ಕೊಟ್ಟ.

ಹೊಸ ಸಾಫ್ಟ್‌ವೇರಿನಲ್ಲಿ ಇಂಡೆಂಟ್ ನಂಬರ್ ಹಾಕದೆ ಮುಂದಿನ ಸ್ಕ್ರೀನ್ ತೆರೆಯುವುದಿಲ್ಲ. ವಾಪಸ್ ಬಂದ ಸಾಮಾನು ಸೇರಿಸಿಕೊಳ್ಳಲು ಸ್ಕ್ರೀನೇ ಇಲ್ಲ. ಪಂಪ್ ನಿಲ್ಲಿಸಿಕೊಂಡು ಬೆಳಗಿನವರೆಗೆ ಕಾಯಲು ಆಗುತ್ತದಾ? ಹಾಗಾಗಿ ಗುಮಾಸ್ತರು ಯಾವುದೋ ಹಳೆಯ ಇಂಡೆಂಟಿನ ನಂಬರ್ ಹಾಕಿ ಕೆಲಸ ಸಾಗಿಸುತ್ತಿದ್ದರು. ವಾಪಸ್ ಬಂದ ಬೇರಿಂಗ್‌ಗಳು ಲೆಕ್ಕಕ್ಕೆ ಸಿಗದೆ ಕಪಾಟು ಸೇರುತ್ತಿದ್ದವು. ಮೇಲಿನವರು ಇದನ್ನು ಶಿಸ್ತಿನ ಕೊರತೆ ಅಂದುಕೊಂಡಿದ್ದರು. “ಸಾಫ್ಟ್‌ವೇರ್ ಮಾಡುವಾಗ ನಮ್ಮನ್ನು ಯಾರೂ ಕೇಳಲಿಲ್ಲ ಸಾರ್” ಎಂದರು ಆ ಗುಮಾಸ್ತರು. ನನಗೆ ತುಂಬ ಬೇಜಾರಾಯಿತು. ಅದೇ ಕೆಲಸ ಮಾಡಿದವನು ನಾನು. ಆ ಮೊಳೆಯ ಚೀಟಿಗಳ ಹಿಂದೆ ಎಷ್ಟು ಜವಾಬ್ದಾರಿ ಇದೆ ಎಂದು ನನಗೆ ಗೊತ್ತು.

ಮ್ಯಾನೇಜರು ಸುಳ್ಳು ಹೇಳಿರಲಿಲ್ಲ. ಅವರು ಹೇಳಿದ್ದು ನಿಯಮ. ನಿಯಮ ಗೊತ್ತಿರುವವರು ಒಬ್ಬರು, ಕೆಲಸ ಗೊತ್ತಿರುವವರು ಇನ್ನೊಬ್ಬರು. ಇಬ್ಬರನ್ನೂ ಕೇಳಬೇಕು. ಕೊನೆಗೆ ಸಹಿ ಆಮೇಲೆ ಹಾಕಬಹುದಾದ ತುರ್ತು ವಿತರಣೆಯ ಸ್ಕ್ರೀನ್ ಒಂದನ್ನು, ವಾಪಸಾತಿಗೆ ಇನ್ನೊಂದನ್ನು ಸೇರಿಸಬೇಕಾಯಿತು. ಕೇಳಲು ಸಣ್ಣ ಕೆಲಸ. ಆದರೆ ಆಗಲೇ ತುಂಬಿದ್ದ ತಪ್ಪು ಲೆಕ್ಕವನ್ನು ಸರಿಪಡಿಸಲು ಇಡೀ ಸ್ಟೋರ್ಸ್‌ನ ಸಾಮಾನನ್ನು ಕೈಯಲ್ಲಿ ಎಣಿಸಬೇಕಾಯಿತು.

ಇದು ಒಂದು ಕಾರ್ಖಾನೆಯ ಲೆಕ್ಕದ ಮಾತು. ಜೀವದ ಪ್ರಶ್ನೆ ಇರುವ ಕಡೆಯೂ ಹೀಗೇ ಆಗಿದೆ. 1992ರ ಅಕ್ಟೋಬರ್ 26ರಂದು ಲಂಡನ್ ಆಂಬುಲೆನ್ಸ್ ಸೇವೆ ತನ್ನ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಪೂರ್ತಿಯಾಗಿ ಬದಲಾಯಿಸಿಕೊಂಡಿತು. ಅಲ್ಲಿಯವರೆಗೆ ಕರೆಗಳನ್ನು ಕಾಗದದ ಫಾರಂನಲ್ಲಿ ಬರೆದು, ಕನ್ವೇಯರ್ ಬೆಲ್ಟ್ ಮೇಲೆ ಕಳಿಸಿ, ಯಾವ ಗಾಡಿ ಹೋಗಬೇಕು ಅಂತ ಮನುಷ್ಯರೇ ತೀರ್ಮಾನಿಸುತ್ತಿದ್ದರು. ಹೊಸದರಲ್ಲಿ ಹತ್ತಿರದ ಗಾಡಿಯನ್ನು ಕಂಪ್ಯೂಟರ್ ಹುಡುಕಬೇಕು. ಅದಕ್ಕೆ ಪ್ರತಿ ಗಾಡಿ ಎಲ್ಲಿದೆ, ಏನು ಮಾಡುತ್ತಿದೆ ಎನ್ನುವುದು ಪಕ್ಕಾ ಗೊತ್ತಿರಬೇಕು. ಸಿಬ್ಬಂದಿ ಸರಿಯಾದ ಹೊತ್ತಿಗೆ ಸರಿಯಾದ ಗುಂಡಿ ಒತ್ತುತ್ತಾರೆ, ಹೇಳಿದ ಗಾಡಿಯನ್ನೇ ಒಯ್ಯುತ್ತಾರೆ ಎಂದು ಕಂಪ್ಯೂಟರ್ ನಂಬಿಕೊಂಡಿತ್ತು. ನಿಜದ ಕೆಲಸ ಹಾಗಿರಲಿಲ್ಲ. ಗುಂಡಿ ಒತ್ತುವುದು ತಪ್ಪುತ್ತಿತ್ತು, ಸಿಬ್ಬಂದಿ ಬೇರೆ ಗಾಡಿ ಹತ್ತುತ್ತಿದ್ದರು. ಒಂದೇ ಕರೆಗೆ ಎರಡು ಗಾಡಿ ಹೋದವು, ಇನ್ನೊಂದು ಕಡೆ ಜನ ಕಾಯುತ್ತಲೇ ಇದ್ದರು. ಕಾದವರು ಮತ್ತೆ ಮತ್ತೆ ಫೋನ್ ಮಾಡಿದರು, ಸಾಲು ಇನ್ನೂ ಬೆಳೆಯಿತು. ಮರುದಿನವೇ ಅರ್ಧ ಕೆಲಸ ಕೈಗೆ ವಾಪಸ್ ಬಂತು. ನವೆಂಬರ್ 4ರಂದು ವ್ಯವಸ್ಥೆ ಪೂರ್ತಿ ನಿಂತಿತು, ಮತ್ತೆ ಕಾಗದಕ್ಕೇ ಮರಳಿದರು.

1993ರಲ್ಲಿ ಬಂದ ತನಿಖಾ ವರದಿ ಹಲವು ಕಾರಣ ಕೊಟ್ಟಿದೆ. ಗಡಿಬಿಡಿಯ ಗಡುವು, ಸಾಕಷ್ಟಿಲ್ಲದ ಪರೀಕ್ಷೆ, ಸಾಕಷ್ಟಿಲ್ಲದ ತರಬೇತಿ ಎಲ್ಲ ಇವೆ. ಆದರೆ ವ್ಯವಸ್ಥೆ ಏನೇನು ಮಾಡಬೇಕು ಅಂತ ಬರೆಯುವ ಹಂತದಲ್ಲಿ ಆಂಬುಲೆನ್ಸ್ ಸಿಬ್ಬಂದಿಯ ಪಾಲು ತೀರಾ ಕಡಿಮೆ ಇತ್ತು ಎನ್ನುವುದೂ ಅದರಲ್ಲಿದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ. ಗಾಡಿ ಓಡಿಸುವವರ ಜೊತೆ ಒಂದು ಪಾಳಿ ಕೂತಿದ್ದರೂ, ಅವರು ಬೇರೆ ಗಾಡಿ ಹತ್ತುವುದು ಕಣ್ಣಿಗೆ ಬೀಳುತ್ತಿತ್ತಲ್ವಾ?

ಚೆನ್ನಾಗಿ ಮಾಡಿದವರೂ ಇದ್ದಾರೆ, ಅದೂ ಬಹಳ ಹಿಂದೆಯೇ. ಬ್ರಿಟನ್ನಿನ ಲಯನ್ಸ್ ಎಂಬ ಟೀ ಅಂಗಡಿಗಳ ಕಂಪನಿ 1951ರಲ್ಲಿ ಲಿಯೋ ಎಂಬ ಕಂಪ್ಯೂಟರನ್ನು ವ್ಯಾಪಾರದ ಕೆಲಸಕ್ಕೆ ಹಚ್ಚಿತು. ಕಂಪ್ಯೂಟರ್ ಬರುವ ಎಷ್ಟೋ ವರ್ಷ ಮೊದಲೇ ಅಲ್ಲಿ ಕಚೇರಿ ಕೆಲಸ ಹೇಗೆ ನಡೆಯುತ್ತದೆ ಎಂದು ಅಧ್ಯಯನ ಮಾಡಲೆಂದೇ ಒಂದು ವಿಭಾಗ ಇತ್ತು. ಮುಂದೆ ಡೇವಿಡ್ ಕ್ಯಾಮಿನರ್ ಅದೇ ವಿಭಾಗದಿಂದ ಲಿಯೋ ಕೆಲಸಕ್ಕೆ ಬಂದರು. ಅಂಗಡಿಗಳಿಗೆ ದಿನವೂ ಸಾಮಾನು ಕಳಿಸುವ ಕೆಲಸವನ್ನು ಅವರು ಹೇಗೆ ಹೊಂದಿಸಿದರು ನೋಡಿ. ಪ್ರತಿ ಅಂಗಡಿಯ ಆರ್ಡರ್ ಒಂದು ವಾರದಿಂದ ಇನ್ನೊಂದು ವಾರಕ್ಕೆ ಬಹಳ ಬದಲಾಗುವುದಿಲ್ಲ. ಆದ್ದರಿಂದ ವಾರದ ಪ್ರತಿ ದಿನಕ್ಕೂ ಒಂದು ಕಾಯಂ ಆರ್ಡರ್ ಕಂಪ್ಯೂಟರಿಗೆ ಕೊಟ್ಟರು. ಅಂಗಡಿ ನಡೆಸುವ ಮಹಿಳೆಯರು ಬದಲಾವಣೆ ಇದ್ದರೆ ಅಷ್ಟನ್ನು ಮಾತ್ರ ಫೋನಿನಲ್ಲಿ ಹೇಳಿದರೆ ಸಾಕು. ಇಂಥದ್ದು ಹೊಳೆಯಬೇಕಾದರೆ ಕೆಲಸದ ಒಳಗು ಗೊತ್ತಿರಬೇಕು. ಯಂತ್ರದ ವೇಗ ಇದನ್ನು ಹೇಳಿಕೊಡುವುದಿಲ್ಲ.

‘ಈಗ ಅಜೈಲ್ ಕಾಲ, ಮೊದಲೇ ಅನಾಲಿಸಿಸ್ ಯಾಕೆ, ಮಾಡುತ್ತಾ ಮಾಡುತ್ತಾ ಸರಿಮಾಡಿಕೊಳ್ಳೋಣ’ ಎನ್ನುವವರು ತುಂಬ ಜನ ಸಿಗುತ್ತಾರೆ. ಅಜೈಲ್ ಎಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿ, ತೋರಿಸಿ, ತಿದ್ದುತ್ತಾ ಹೋಗುವ ಪದ್ಧತಿ. ಅದರ 2001ರ ಪ್ರಣಾಳಿಕೆಯ ತತ್ವಗಳನ್ನು ಹೀಗೆನ್ನುವವರು ಇನ್ನೊಮ್ಮೆ ಓದಲಿ. ವ್ಯವಹಾರ ಬಲ್ಲವರು ಮತ್ತು ಸಾಫ್ಟ್‌ವೇರ್ ಬರೆಯುವವರು ಯೋಜನೆ ಮುಗಿಯುವವರೆಗೂ ದಿನವೂ ಜೊತೆಯಲ್ಲಿ ಕೆಲಸ ಮಾಡಬೇಕು ಎಂದು ಅಲ್ಲಿದೆ. ಅಂದರೆ ಅನಾಲಿಸಿಸ್ ಬಿಡಿ ಅಂತ ಅಲ್ಲ, ದಿನಾ ಮಾಡಿ ಅಂತ. ಇನ್ನು ಖರ್ಚಿನ ಮಾತು. ವ್ಯವಸ್ಥೆ ಏನು ಮಾಡಬೇಕು ಎಂದು ಬರೆಯುವಾಗಿನ ತಪ್ಪನ್ನು ಆಗಲೇ ತಿದ್ದದೆ, ವ್ಯವಸ್ಥೆ ಬಳಕೆಗೆ ಬಂದ ಮೇಲೆ ತಿದ್ದಿದರೆ ದೊಡ್ಡ ಯೋಜನೆಗಳಲ್ಲಿ 100 ಪಟ್ಟಿನವರೆಗೂ ಖರ್ಚು ಬರಬಹುದು ಎಂದು ಸಾಫ್ಟ್‌ವೇರ್ ಖರ್ಚಿನ ಅಧ್ಯಯನ ಮಾಡಿದ ತಜ್ಞ ಬ್ಯಾರಿ ಬೋಹ್ಮ್ 1981ರಲ್ಲೇ ತೋರಿಸಿದ್ದರು. ಸಣ್ಣ ಯೋಜನೆಗಳಲ್ಲಿ ಇದು ನಾಲ್ಕೈದು ಪಟ್ಟು. ಅದೂ ಕಡಿಮೆಯೇನಲ್ಲ.

ಹಳೆಯ ಪದ್ಧತಿಯನ್ನೆಲ್ಲ ಹಾಗೇ ಕಂಪ್ಯೂಟರಿಗೆ ಇಳಿಸಿ ಎಂದು ನಾನು ಹೇಳುತ್ತಿಲ್ಲ. ಒಂದೇ ಲೆಕ್ಕವನ್ನು ಎರಡು ರಿಜಿಸ್ಟರಿನಲ್ಲಿ ಬರೆದು, ಎರಡನೆಯದನ್ನು ಯಾರೂ ತೆರೆಯದೇ ಇರುವುದನ್ನೂ ನೋಡಿದ್ದೇನೆ. ಪ್ರತಿ ಚೀಟಿಗೂ ‘ಇದು ಯಾಕೆ, ಯಾರಿಗೆ’ ಎಂದು ಕೇಳಬೇಕು. ಬೇಡವಾದದ್ದನ್ನು ಬಿಡಬೇಕು. ಕೇಳದೆ ಬಿಡುವುದು ಮಾತ್ರ ಬೇಡ.

ವ್ಯವಸ್ಥೆ ಮಾಡಿಸುವ ಸಂಸ್ಥೆಗಳಲ್ಲಿ ನನ್ನ ಬಿನ್ನಹ ಇಷ್ಟು. ಒಪ್ಪಂದದಲ್ಲಿ ಅನಾಲಿಸಿಸ್‌ಗೆ ಪ್ರತ್ಯೇಕ ಸಮಯ, ಪ್ರತ್ಯೇಕ ಹಣ ಬರೆಯಿರಿ. ಕೆಲಸ ಬಲ್ಲ ಒಬ್ಬಿಬ್ಬರನ್ನು ಅಷ್ಟು ದಿನ ದಿನನಿತ್ಯದ ಕೆಲಸದಿಂದ ಬಿಡುಗಡೆ ಮಾಡಿ. ಊಟದ ಬಿಡುವಿನಲ್ಲಿ ಗಡಿಬಿಡಿಯಿಂದ ಕೇಳಿದರೆ ಯಾರೂ ಪೂರ್ತಿ ಹೇಳುವುದಿಲ್ಲ. ರಾತ್ರಿ ಪಾಳಿ, ತಿಂಗಳ ಕೊನೆ, ವರ್ಷದ ಕೊನೆ, ಈ ಹೊತ್ತಿನ ಕೆಲಸವನ್ನೂ ನೋಡಲು ಹೇಳಿ.

ದಾಖಲೆಯನ್ನು ಕೌಂಟರಿನವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಸಿ, ಚಿತ್ರ ಬಿಡಿಸಿ ತೋರಿಸಿ. ಡೇಟಾ ಫ್ಲೋ ಡಯಾಗ್ರಾಂ ಎಂದರೆ ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವ ಚಿತ್ರ. ಅದರಲ್ಲಿರುವುದು ಬಹುಮಟ್ಟಿಗೆ ವೃತ್ತಗಳು, ಚೌಕಗಳು ಮತ್ತು ಬಾಣಗಳು, ಯಾರಿಗೂ ಕಷ್ಟವಲ್ಲ. ಇನ್ನೊಂದು ಕಚೇರಿಯಲ್ಲಿ ಅಂಥ ಹಾಳೆಯನ್ನು ಮೇಜಿನ ಮೇಲೆ ಹರಡಿದಾಗ, ಟಪಾಲು ನೋಡಿಕೊಳ್ಳುವ ಹೆಣ್ಣುಮಗಳು ಒಂದು ಬಾಣದ ಮೇಲೆ ಬೆರಳಿಟ್ಟು “ಈ ಪತ್ರ ಇಲ್ಲಿಗೆ ಬರೋದೇ ಇಲ್ಲ ಸಾರ್, ನೇರ ಕ್ಯಾಶ್ ಸೆಕ್ಷನ್‌ಗೆ ಹೋಗುತ್ತೆ” ಎಂದರು. ಮೂವರು ಅಧಿಕಾರಿಗಳು ಆ ಚಿತ್ರಕ್ಕೆ ಆಗಲೇ ಒಪ್ಪಿಗೆ ಕೊಟ್ಟಿದ್ದರು. ಆ ಹೆಣ್ಣುಮಗಳಂಥವರ ಸಹಿಯೂ ದಾಖಲೆಯ ಮೇಲೆ ಇರಲಿ. ಆ ಸಹಿ ಬೀಳುವವರೆಗೆ ಒಂದು ಸಾಲು ಕೋಡ್‌ಗೂ ಹಣ ಕೊಡಬೇಡಿ.

ಇಂತಿ,
ಒಬ್ಬ ಸಿಸ್ಟಂ ಅನಲಿಸ್ಟ್