ಹೊಂದಿಕೆ ಸಿಕ್ಕರೆ ಹೆಸರು ಸಿಕ್ಕಂತಲ್ಲ

ಮಾನ್ಯರೇ,

ವಾರಸುದಾರರಿಲ್ಲದ ಶವದ ಗುರುತು ‘ಡಿಎನ್‌ಎ ವಂಶವೃಕ್ಷ’ದಿಂದ ಪತ್ತೆಯಾಯಿತು ಎಂಬ ಸುದ್ದಿಗಳನ್ನು ಓದಿದರೆ, ಹೆಸರನ್ನು ಕಂಪ್ಯೂಟರೇ ಹೇಳಿಬಿಟ್ಟಿತೇನೋ ಎನಿಸುತ್ತದೆ. ಅಮೆರಿಕದ ಒಹಾಯೊದಲ್ಲಿ 1981ರಲ್ಲಿ ಶವವಾಗಿ ಸಿಕ್ಕಿದ್ದ ಯುವತಿಗೆ 2018ರಲ್ಲಿ ಕೆಲವೇ ಗಂಟೆಗಳ ಹುಡುಕಾಟದಲ್ಲಿ ಹೆಸರು ಸಿಕ್ಕಿದ್ದು ನಿಜ. ಆದರೆ ಆಕೆಯ ರಕ್ತದ ಮಾದರಿಯನ್ನು ಅಷ್ಟು ವರ್ಷ ಯಾರೂ ಎಸೆದಿರಲಿಲ್ಲ. ಜನರು ತಾವೇ ತಮ್ಮ ಡಿಎನ್‌ಎ ದತ್ತಾಂಶ ಸೇರಿಸಿ ನೆಂಟರನ್ನು ಹುಡುಕುವ ಜೆಡ್‌ಮ್ಯಾಚ್ ಎಂಬ ಜಾಲತಾಣದಲ್ಲಿ ಆಕೆಯ ಹತ್ತಿರದ ನೆಂಟರೊಬ್ಬರ ಮಾಹಿತಿ ಮೊದಲೇ ಇತ್ತು.

ಎಲ್ಲರಿಗೂ ಈ ಅದೃಷ್ಟವಿಲ್ಲ. ಸಾಮಾನ್ಯವಾಗಿ ಕೈಗೆ ಬರುವುದು ಮೂಳೆ ಅಥವಾ ಹಲ್ಲು. ಒಳಕಿವಿಯನ್ನು ಸುತ್ತುವರಿದ ಗಟ್ಟಿ ಮೂಳೆಯಲ್ಲಿ ಡಿಎನ್‌ಎ ಹೆಚ್ಚು ಕಾಲ ಉಳಿಯುತ್ತದೆ. ಹೊರಪದರ ಕೆರೆದು, ಬ್ಲೀಚ್ ದ್ರಾವಣದಲ್ಲಿ ತೊಳೆದು ಒಣಗಿಸಿ, ನಿಧಾನ ವೇಗದಲ್ಲಿ ಕೊರೆಯಬೇಕು; ವೇಗ ಹೆಚ್ಚಿದರೆ ಬಿಸಿಗೆ ಇದ್ದಬದ್ದ ಡಿಎನ್‌ಎಯೂ ಹಾಳು. ಸುಣ್ಣದಂಶವನ್ನು ಕರಗಿಸಲು ಬಳಸುವ ಇಡಿಟಿಎ ಎಂಬ ರಾಸಾಯನಿಕ ಉಳಿದುಬಿಟ್ಟರೆ, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಗೆ ಬೇಕಾದ ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಹ್ಯೂಮಿಕ್ ಆಮ್ಲದ್ದೂ ಅದೇ ಕಾಟ. ಇನ್ನೊಂದು ಮೋಸ: ಬಂದ ಡಿಎನ್‌ಎಯಲ್ಲಿ ಬಹುಪಾಲು ಬ್ಯಾಕ್ಟೀರಿಯಾದ್ದೇ ಇರಬಹುದು. ಒಟ್ಟು ಪ್ರಮಾಣ ನೋಡಿ ಹಿಗ್ಗದೆ ಮನುಷ್ಯರದ್ದೆಷ್ಟು ಎಂದು ಬೇರೆಯಾಗಿ ಅಳೆಯಬೇಕು.

ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳನ್ನು ಎಣಿಸುವ ರೂಢಿಯ ಎಸ್‌ಟಿಆರ್ ಪರೀಕ್ಷೆ ಇಪ್ಪತ್ತರ ಆಸುಪಾಸು ತಾಣಗಳನ್ನಷ್ಟೇ ಓದುತ್ತದೆ. ದೂರದ ನಂಟು ಅದಕ್ಕೆ ಕಾಣದು. ವಂಶವೃಕ್ಷದ ಹುಡುಕಾಟಕ್ಕೆ ಸಾಮಾನ್ಯವಾಗಿ ಲಕ್ಷಗಟ್ಟಲೆ ಎಸ್‌ಎನ್‌ಪಿಗಳು, ಅಂದರೆ ಒಬ್ಬರಿಂದೊಬ್ಬರಿಗೆ ಒಂದೇ ಅಕ್ಷರ ಬದಲಾಗುವ ಡಿಎನ್‌ಎ ತಾಣಗಳು ಬೇಕು. ಇಬ್ಬರು ಹಂಚಿಕೊಂಡ ಡಿಎನ್‌ಎ ತುಣುಕುಗಳ ಮೊತ್ತ ಸೆಂಟಿಮಾರ್ಗನ್ ಎಂಬ ಅಳತೆಯಲ್ಲಿ ಬರುತ್ತದೆ. ಅದು 230ರ ಹತ್ತಿರವಿದ್ದರೆ ಇಬ್ಬರಿಗೂ ಒಂದೇ ಮುತ್ತಜ್ಜ-ಮುತ್ತಜ್ಜಿ ಇರಬಹುದು. ಅಥವಾ ಒಬ್ಬರು ಇನ್ನೊಬ್ಬರ ದೊಡ್ಡಪ್ಪನ ಮಗನ ಮೊಮ್ಮಗನೂ ಆಗಿರಬಹುದು. ಸಂಖ್ಯೆ ಒಂದೇ, ಕೊಂಬೆ ಬೇರೆ. 7ಕ್ಕಿಂತ ಚಿಕ್ಕ ತುಣುಕುಗಳನ್ನಂತೂ ನಂಬಲಾಗದು. ಒಳಸಂಬಂಧದ ಮದುವೆಗಳು ಹೆಚ್ಚಿರುವ ಕಡೆ ಇಬ್ಬರು ನಾಲ್ಕಾರು ದಾರಿಗಳಲ್ಲಿ ನೆಂಟರಾಗಿರುವುದರಿಂದ ಮೊತ್ತ ಉಬ್ಬುತ್ತದೆ. ಆಗ ಅತಿ ಉದ್ದದ ತುಣುಕಿನ ಮೇಲೆ ಕಣ್ಣಿಡಬೇಕು. ಜನನ, ವಿವಾಹ ದಾಖಲೆ ಹಿಡಿದು ಮರ ಕಟ್ಟುವಾಗ ದತ್ತು ಪ್ರಕರಣವೊಂದು ನಡುವೆ ಬಂದರೆ ಇಡೀ ಕೊಂಬೆಯೇ ತಪ್ಪುತ್ತದೆ.

ಇಷ್ಟೆಲ್ಲ ಆದ ಮೇಲೆ ಸಿಗುವುದೂ ಒಂದು ಸುಳಿವು ಮಾತ್ರ. ತಂದೆತಾಯಿ, ಮಕ್ಕಳು ಅಥವಾ ಒಡಹುಟ್ಟಿದವರ ಡಿಎನ್‌ಎ ಜೊತೆ, ಇಲ್ಲವೇ ದಂತ ದಾಖಲೆಯ ಜೊತೆ ತಾಳೆಯಾಗುವವರೆಗೆ ಹೆಸರು ಪ್ರಕಟಿಸಬಾರದು. ಮೈಟೊಕಾಂಡ್ರಿಯಾ ಪರೀಕ್ಷೆಯೊಂದೇ ಸಾಲದು, ತಾಯಿಯ ಕಡೆಯ ಸಾಲಿನಲ್ಲಿ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ.

ಇಂದು ಯಾವ ಹೊಂದಿಕೆಯೂ ಸಿಗದ ಮಾದರಿಗೆ, ಹೊಸಬರೊಬ್ಬರು ದತ್ತಾಂಶ ಸೇರಿಸಿದ ದಿನ ನೆಂಟರು ಸಿಗಬಹುದು. ಆದ್ದರಿಂದ ಮೂಳೆಯನ್ನು ಒಂದೇ ಸಲ ಪೂರ್ತಿ ಪುಡಿ ಮಾಡಬಾರದು. ಶವಸಂಸ್ಕಾರಕ್ಕೆ ಮೊದಲು ಒಂದು ಹಲ್ಲು, ಒಂದು ಮೂಳೆ ತುಂಡನ್ನು ಒಣಗಿಸಿ ಕಾಗದದ ಲಕೋಟೆಯಲ್ಲಿ ತೆಗೆದಿಡಬೇಕು. ಫಾರ್ಮಲಿನ್‌ನಲ್ಲಿ ಖಂಡಿತ ಬೇಡ.

– ಒಬ್ಬ ಡಿಎನ್‌ಎ ವಿಶ್ಲೇಷಕ