ಫಲಕ ಬರೆಯುವ ಹಿರಿಯರೊಬ್ಬರಿಗೆ ಕೃತಜ್ಞತೆ

ಬೆಂಗಳೂರಿನ ವಿನ್ಯಾಸ ಸ್ಟುಡಿಯೊ ಒಂದರಲ್ಲಿ, ಕಟ್ಟಡಗಳೊಳಗೆ ದಾರಿ ತೋರುವ ಫಲಕಗಳನ್ನು ರೂಪಿಸುವ ಹಿರಿಯ ವಿನ್ಯಾಸಕಿ ನಾನು. ಆಸ್ಪತ್ರೆಯೊಂದರ ಫಲಕಗಳ ಮಾದರಿಯನ್ನು ನಾವು ಪರೀಕ್ಷಿಸುತ್ತಿದ್ದ ದಿನ, ಅಲ್ಲಿಗೆ ಬೇರೆ ಕೆಲಸಕ್ಕೆಂದು ಬಂದು, ಹೆಸರನ್ನೂ ಹೇಳದೆ ಹೊರಟುಹೋದ ಬೋರ್ಡ್ ಪೇಂಟರ್ ಒಬ್ಬರಿಗೆ ಈ ಧನ್ಯವಾದ ಸಲ್ಲಬೇಕು.

ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. ಕನ್ನಡದ ಗುಣಿತ ಮೇಲಕ್ಕೂ ಒತ್ತಕ್ಷರ ಕೆಳಕ್ಕೂ ಚಾಚುವುದರಿಂದ, ಎರಡಕ್ಕೂ ಒಂದೇ ಎತ್ತರದ ಪಟ್ಟಿ ಕೊಟ್ಟರೆ ಕನ್ನಡದ ಮೂಲಾಕ್ಷರ ಕುಗ್ಗುತ್ತದೆ. ಇದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ತಿಳಿದದ್ದೇ. ಆದರೆ ಒಳಗಿನಿಂದ ಬೆಳಗುವ ಫಲಕದಲ್ಲಿ, ‘ಶಸ್ತ್ರಚಿಕಿತ್ಸೆ’ಯ ‘ಸ್ತ್ರ’ದಂಥ ಎರಡು ಒತ್ತುಗಳ ಅಕ್ಷರವು ಬೆಳಕು ಹರಡಿ ಒಂದೇ ಮುದ್ದೆಯಾಗಿ ಕಾಣುವುದನ್ನು, ಅವರು ನನ್ನನ್ನು ಕಾರಿಡಾರಿನ ತುದಿಗೆ ಕರೆದೊಯ್ದು ತೋರಿಸಿದರು. “ಹತ್ತಿರದಿಂದ ನೋಡಬೇಡಿ ಮೇಡಂ, ರೋಗಿಯ ಕಡೆಯವರು ಗಾಬರಿಯಲ್ಲಿ ಬಂದು ನಿಲ್ಲುವ ಜಾಗದಿಂದ ನೋಡಿ” ಎಂದರು. ಬಳಿಕ ರಟ್ಟಿನ ಮೇಲೆ, ಒತ್ತನ್ನು ತುಸು ಬಲಕ್ಕೆ ಸರಿಸಿ, ಗೆರೆಯನ್ನು ತೆಳುವಾಗಿಸಿ, ನಡುವೆ ಗಾಳಿಯಾಡುವಂತೆ ಬರೆದುಕೊಟ್ಟರು. ಅಂಥ ಕೈಬರಹದ ಹಿಡಿತ ಇಂದು ಬಹಳ ಅಪರೂಪ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಬಳಿಕ ಕರ್ನಾಟಕದ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವಾಗಿದೆ. ಆ ಕನ್ನಡ ದೂರದಿಂದಲೂ ಸ್ಪಷ್ಟವಾಗಿ ಓದಿಸಿಕೊಳ್ಳಬೇಕೆಂಬ ಕಾಳಜಿಯನ್ನು ನಾನು ಅವರಷ್ಟು ಆಳವಾಗಿ ಬೇರೆಯವರಲ್ಲಿ ಕಂಡಿಲ್ಲ. ಆಸ್ಪತ್ರೆಯ ಫಲಕಗಳೆಲ್ಲ ಅವರು ತೋರಿದಂತೆಯೇ ತಯಾರಾಗಿವೆ. ಹಿರಿಯರೇ, ನಿಮಗೆ ನಮ್ಮ ಇಡೀ ತಂಡದ ಹೃತ್ಪೂರ್ವಕ ವಂದನೆಗಳು.