ಹಳೆ ನೆಗೆಟಿವ್‌ಗಳು ಗುಜರಿಗೆ ಹೋಗದಿರಲಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಬೀದಿಯ ಹಳೆ ಸ್ಟುಡಿಯೋ ಬಾಗಿಲು ಹಾಕಿತು. ನಾನು ಹೋಗುವಷ್ಟರಲ್ಲಿ ನೆಗೆಟಿವ್ ಡಬ್ಬಗಳೆಲ್ಲ ಗುಜರಿ ಗಾಡಿ ಹತ್ತಿ ಹೋಗಿದ್ದವು. ಮದುವೆ ಫೋಟೋಗಳ ಜೊತೆ ದಸರಾ, ಮಾರ್ಕೆಟ್ಟು, ಹಳೆ ಬೀದಿಗಳ ನೆಗೆಟಿವ್‌ಗಳೂ ಇದ್ದವಂತೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನವೇ ಇಲ್ಲ.

ನಾನು ಮೂವತ್ತು ವರ್ಷದಿಂದ ಮೈಸೂರಿನ ಕಟ್ಟಡಗಳನ್ನು ರೀಲ್ ಕ್ಯಾಮೆರಾದಲ್ಲೇ ತೆಗೆಯುತ್ತಿದ್ದೇನೆ. ಈಗಲೂ ರಾತ್ರಿ ಬಚ್ಚಲುಮನೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಪ್ರಿಂಟ್ ಹಾಕುತ್ತೇನೆ. ನನ್ನ ಯಾಶಿಕಾದಲ್ಲಿ ಒಂದು ರೀಲಿಗೆ 12 ಫೋಟೋ ಅಷ್ಟೇ. ಸುಮ್ನೆ ಕ್ಲಿಕ್ಕಿಸಲು ಆಗುವುದಿಲ್ಲ.

2009ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ತೆಗೆಯಲು ಬಿಸಿಲು ಓರೆಯಾಗುವ ತನಕ ಕಾದಿದ್ದೆ. ನೆತ್ತಿ ಬಿಸಿಲಲ್ಲಿ ಗಾರೆ ಕೆಲಸದ ಉಬ್ಬುತಗ್ಗು ಸರಿಯಾಗಿ ಕಾಣುವುದಿಲ್ಲ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. ಆ ರಾತ್ರಿ ನಿದ್ದೆ ಬರಲಿಲ್ಲ. ಹಳೆ ನೆಗೆಟಿವ್ ಹುಡುಕಿ ದೊಡ್ಡದಾಗಿ ಪ್ರಿಂಟ್ ಹಾಕಿದೆ. ಕೆಂಪು ದೀಪದಡಿ ಟ್ರೇ ಅಲುಗಿಸುತ್ತಿದ್ದಂತೆ ಮೊದಲು ಕಮಾನಿನೊಳಗಿನ ಕತ್ತಲು ಮೂಡಿತು. ಆಮೇಲೆ ಅಂಗಡಿ ಬಾಗಿಲುಗಳು. ಕೊನೆಗೆ ಗಾರೆಯಲ್ಲಿ ತೀಡಿದ ಅಂಚು, ಗೆರೆ ಗೆರೆಯಾಗಿ. ಅಂಚು ಎಷ್ಟು ದಪ್ಪ, ಎಲ್ಲಿ ತಿರುಗುತ್ತದೆ? ರಿಪೇರಿ ಮಾಡುವ ಗಾರೆ ಮೇಸ್ತ್ರಿಗೆ ಬೇಕಾಗುವುದು ಇದೇ ಅಲ್ವಾ?

2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಅದರ ಹಳೆ ಚಿತ್ರಗಳು ಎಷ್ಟು ಮನೆಗಳ ಅಟ್ಟದಲ್ಲಿ ಕೂತಿವೆಯೋ!

ಹೈಪೋ, ಅಂದರೆ ಚಿತ್ರವನ್ನು ನಿಲ್ಲಿಸಲು ಬಳಸುವ ರಾಸಾಯನಿಕ, ಪೂರ್ತಿ ಹೋಗುವಂತೆ ಚೆನ್ನಾಗಿ ತೊಳೆದ ಕಪ್ಪು-ಬಿಳುಪು ನೆಗೆಟಿವ್ ತಣ್ಣಗಿನ ಒಣ ಜಾಗದಲ್ಲಿದ್ದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಅಟ್ಟದ ಸೆಕೆ, ಮಳೆಗಾಲದ ತೇವ ಅದಕ್ಕೆ ಆಗಿಬರುವುದಿಲ್ಲ, ಬೂಷ್ಟು ಹಿಡಿಯುತ್ತದೆ. ವಿನೆಗರ್ ವಾಸನೆ ಬಂದ ರೀಲನ್ನಂತೂ ತಕ್ಷಣ ಬೇರೆ ಮಾಡಬೇಕು, ಪಕ್ಕದ ರೀಲನ್ನೂ ಅದು ಕೆಡಿಸುತ್ತದೆ. ಇದನ್ನೆಲ್ಲ ಒಬ್ಬೊಬ್ಬರೇ ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟ.

ರಾಜ್ಯದ ಪುರಾತತ್ವ ಇಲಾಖೆ ನಮ್ಮ ಊರಲ್ಲೇ ಇದೆ. ಮುಚ್ಚುತ್ತಿರುವ ಸ್ಟುಡಿಯೋಗಳಿಂದ ಕಟ್ಟಡಗಳ ನೆಗೆಟಿವ್‌ಗಳನ್ನು ಪಡೆದು, ಒಂದು ತಂಪು ಕೋಣೆಯಲ್ಲಿ ಜಾಗ, ವರ್ಷ ಬರೆದು ಇಡಲಿ. ಸ್ಟುಡಿಯೋದವರೂ ಗುಜರಿಯವರನ್ನು ಕರೆಯುವ ಮುಂಚೆ ಒಂದು ಮಾತು ತಿಳಿಸಲಿ.

ನನ್ನ ಹತ್ತಿರ ಸುಮಾರು 300 ರೀಲುಗಳಿವೆ. ಪ್ರತಿ ಕವರಿನ ಮೇಲೂ ತಾರೀಖು, ಬೀದಿ ಹೆಸರು ಬರೆದಿದ್ದೇನೆ. ಕೇಳಿದರೆ ನಾಳೆಯೇ ತಂದುಕೊಡುತ್ತೇನೆ.

– ಒಬ್ಬ ಓದುಗ, ಅಗ್ರಹಾರ, ಮೈಸೂರು